ಮೆಸಲಜೀನ್‌ಗೆ ರೆಫರೆನ್ಸ್ ಸ್ಟ್ಯಾಂಡರ್ಡ್ ಕೊಳ್ಳಲೇಬೇಕಾ, ಗಿಫ್ಟ್ ಸ್ಯಾಂಪಲ್ ಸಾಲದಾ?

ಬೆಣ್ಣೆದೋಸೆ_ಫಾರ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಫಾರ್ಮ್ ಅನಾಲಿಸಿಸ್ ಓದುತ್ತಿದ್ದೇನೆ. ಮೆಸಲಜೀನ್ ಮಾತ್ರೆಗೆ ಎಚ್‌ಪಿಎಲ್‌ಸಿ (ದ್ರಾವಣದಲ್ಲಿರೋದನ್ನು ಬೇರ್ಪಡಿಸಿ ಅಳೆಯೋ ಯಂತ್ರ) ವಿಧಾನ ಮಾಡೋದು ನನ್ನ ಪ್ರಾಜೆಕ್ಟ್. ದೊಡ್ಡ ಕರುಳಿನ ಉರಿಯೂತಕ್ಕೆ, ಅಂದರೆ ಅಲ್ಸರೇಟಿವ್ ಕೊಲೈಟಿಸ್‌ಗೆ ಕೊಡ್ತಾರಲ್ಲ, ಅದೇ 5-ಅಮಿನೋಸ್ಯಾಲಿಸಿಲಿಕ್ ಆಸಿಡ್. ಒಂದು ಕಂಪನಿಯವರು ಗಿಫ್ಟ್ ಸ್ಯಾಂಪಲ್ ಅಂತ ಔಷಧಿ ಪುಡಿಯನ್ನು ಪುಕ್ಕಟೆ ಕಳಿಸಿದ್ದಾರೆ, ಜೊತೆಗೆ ಸಿಒಎ, ಅಂದರೆ ಪರೀಕ್ಷೆಯ ಪ್ರಮಾಣಪತ್ರ ಇದೆ. ಶುದ್ಧತೆ ಚೆನ್ನಾಗೇ ಇದೆ. ಆದರೂ ಗೈಡ್ ಸರ್ ಫಾರ್ಮಕೊಪಿಯಾ (ಔಷಧಿ ಗುಣಮಟ್ಟದ ಅಧಿಕೃತ ಗ್ರಂಥ) ಸಂಸ್ಥೆಯ ಸ್ಟ್ಯಾಂಡರ್ಡ್, ಅಂದರೆ ಹೋಲಿಸಿ ನೋಡೋಕೆ ಬಳಸೋ ಪ್ರಮಾಣಿತ ಪುಡಿ ತರಿಸು ಅಂತ ಒಂದೇ ಹಟ. ಅಮೆರಿಕದ್ದರ ಬೆಲೆ ನೋಡಿ ಬಾಯಿ ಒಣಗಿತು. ಅಷ್ಟು ಚಿಕ್ಕ ಬಾಟಲಿಗೆ ಅಷ್ಟು ದುಡ್ಡಾ? ನಮ್ಮ ಲ್ಯಾಬ್‌ನಲ್ಲಿ ಸಲ್ಫಾಸಲಜೀನ್ ಸ್ಟ್ಯಾಂಡರ್ಡ್ ಇದೆ, ಅದೂ ಇದೇ ಕಾಯಿಲೆಗೇ ತಾನೆ, ಅದರಲ್ಲಿ ಏನಾದರೂ ಮಾಡಬಹುದಾ? ಇನ್ನೊಂದು, ಸ್ಯಾಂಪಲ್ ಪುಡಿ ಸ್ವಲ್ಪ ಗುಲಾಬಿ ಬಣ್ಣಕ್ಕಿದೆ. ಇಲ್ಲಿನ ಬಿಸಿಲಿಗೆ ಕೆಟ್ಟಿತಾ ಅಂತ ಭಯ.

ಮಂಡಕ್ಕಿ_ಮಿರ್ಚಿ:

ಗುರು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಬ್ಯಾಚಲ್ಲಿ ಎಲ್ಲರೂ ಗಿಫ್ಟ್ ಸ್ಯಾಂಪಲ್ಲೇ ಬಳಸಿದ್ದು. ವೈವಾದಲ್ಲಿ ಯಾರೂ ಕೇಳಲಿಲ್ಲ.

ಕೋಟೆ_ಕ್ಯೂಸಿ:

ಯಾರೂ ಕೇಳಲಿಲ್ಲ ಅನ್ನೋದು ಉತ್ತರ ಅಲ್ಲ ಮಾರಾಯ. ನಾನು ಚಿತ್ರದುರ್ಗದವನು, ಈಗ ಬೆಂಗಳೂರಲ್ಲಿ ಕ್ಯೂಸಿ (ಔಷಧಿ ಗುಣಮಟ್ಟ ಪರೀಕ್ಷೆ) ಕೆಲಸ. ನಮ್ಮಲ್ಲಿ ಆಡಿಟ್‌ಗೆ ಬಂದವರು ಮೊದಲು ಕೇಳೋದೇ ಸ್ಟ್ಯಾಂಡರ್ಡ್ ರಿಜಿಸ್ಟರ್.

ಬೆಲೆ ಯಾಕೆ ಅಷ್ಟು ಅಂದರೆ, ನೀವು ಕೊಡೋದು ಪುಡಿಗಲ್ಲ, ಅದರ ಮೇಲೆ ಬರೆದಿರೋ ಸಂಖ್ಯೆಗೆ. ಎಚ್‌ಪಿಎಲ್‌ಸಿ ತಾನಾಗಿ ಇಷ್ಟು ಮಿಲಿಗ್ರಾಂ ಇದೆ ಅಂತ ಹೇಳೋದಿಲ್ಲ, ಪೀಕ್ ಏರಿಯಾ (ಗ್ರಾಫಿನ ಶಿಖರದ ವಿಸ್ತೀರ್ಣ) ಅಷ್ಟೇ ಕೊಡುತ್ತದೆ, ಅದನ್ನು ನಾವು ಸ್ಟ್ಯಾಂಡರ್ಡ್ ಪೀಕಿನ ಜೊತೆ ಹೋಲಿಸಿ ಲೆಕ್ಕ ಹಾಕ್ತೀವಿ, ಹಾಗಾಗಿ ಸ್ಟ್ಯಾಂಡರ್ಡ್ ಮೇಲಿನ ಶುದ್ಧತೆಯ ಸಂಖ್ಯೆ 2% ತಪ್ಪಿದ್ದರೆ ನಿಮ್ಮ ಮಾತ್ರೆಯ ಅಸ್ಸೇನೂ (ಔಷಧಿ ಎಷ್ಟಿದೆ ಅನ್ನೋ ಲೆಕ್ಕ) ಅಷ್ಟೇ ತಪ್ಪುತ್ತದೆ, ಗ್ರಾಫ್ ಮಾತ್ರ ನೇರವಾಗಿ ಚಂದ ಕಾಣುತ್ತಿರುತ್ತದೆ. ತಕ್ಕಡಿ ಬಟ್ಟು ಸುಳ್ಳಾದರೆ ಎಷ್ಟು ನೀಟಾಗಿ ತೂಗಿದರೇನು?

ದಾರಿ ಇದೆ. ಮೊದಲು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಪಟ್ಟಿ ನೋಡಿ, ಅವರು ತಮ್ಮ ಸ್ಟ್ಯಾಂಡರ್ಡನ್ನು ಐಪಿಆರ್‌ಎಸ್ ಅನ್ನೋ ಹೆಸರಲ್ಲಿ ಮಾರ್ತಾರೆ. ಅಮೆರಿಕದ ಪಟ್ಟಿಯಲ್ಲಿ ಹುಡುಕೋದಾದರೆ ಮೆಸಲಮೀನ್ ಅಂತ ಟೈಪ್ ಮಾಡಿ, ಇದೇ ಔಷಧಿಗೆ ಅಲ್ಲಿನ ಹೆಸರು ಅದು. ಒಂದೇ ಬಾಟಲಿ ತರಿಸಿ. ಅದರ ಎದುರಿಗೆ ನಿಮ್ಮ ಗಿಫ್ಟ್ ಸ್ಯಾಂಪಲ್ಲನ್ನು ವರ್ಕಿಂಗ್ ಸ್ಟ್ಯಾಂಡರ್ಡ್ ಮಾಡಿಕೊಳ್ಳಿ: ಎರಡರ ಐಆರ್ (ಇನ್‌ಫ್ರಾರೆಡ್) ಗ್ರಾಫೂ ಒಂದರ ಮೇಲೊಂದು ಕೂರಬೇಕು, ಒಣಗಿಸಿದಾಗ ಎಷ್ಟು ತೂಕ ಹೋಗುತ್ತದೆ ನೋಡಿ, ಬೇರೆ ಬೇರೆ ತೂಕ ತೆಗೆದುಕೊಂಡು ಅಸ್ಸೇ ಮಾಡಿ ಸರಾಸರಿ ಹಾಕಿ. ಆಮೇಲೆ ಸಣ್ಣ ಸಣ್ಣ ವಯಲ್‌ಗೆ ಹಂಚಿಬಿಡಿ, ಒಂದು ಖಾಲಿಯಾಗೋವರೆಗೂ ಇನ್ನೊಂದು ತೆರೆಯಬೇಡಿ. ದಿನದ ಕೆಲಸಕ್ಕೆಲ್ಲ ಇದೇ ಸಾಕು, ಕಂಪನಿಗಳಲ್ಲೂ ಹೀಗೇ ಮಾಡೋದು.

ಬಾಟಲಿ ಮೇಲೆ ಎಕ್ಸ್‌ಪೈರಿ ಇಲ್ಲ ಅಂತ ಗಾಬರಿ ಬೇಡ. ಅಮೆರಿಕದ ಸ್ಟ್ಯಾಂಡರ್ಡ್‌ಗೆ ಆ ಲಾಟ್ (ಬ್ಯಾಚ್) ಈಗಲೂ ಚಾಲ್ತಿಯಲ್ಲಿದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಬೇಕು.

ಪಾಠದ_ಮೇಡಂ:

ಸಲ್ಫಾಸಲಜೀನ್ ವಿಷಯ ಹೇಳ್ತೀನಿ ಕೇಳಪ್ಪ. ಅದು ಬೇರೆಯೇ ಅಣು, ಅಣುತೂಕ 398.4. ಮೆಸಲಜೀನ್ ಬರೀ 153.1. ಸಲ್ಫಾಸಲಜೀನ್ ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದರ ಅಜೋ ಬಂಧ ಮುರಿದು ಮೆಸಲಜೀನ್ ಮತ್ತು ಸಲ್ಫಾಪಿರಿಡೀನ್ ಮಾಡುತ್ತವೆ. ಆ ಎರಡರಲ್ಲಿ ಕರುಳಿಗೆ ಕೆಲಸ ಮಾಡೋದು ಮೆಸಲಜೀನ್ ಅಂತ 1977ರಲ್ಲಿ ಆಕ್ಸ್‌ಫರ್ಡ್‌ನವರು ತೋರಿಸಿದರು. ಕರುಳಲ್ಲಿ ಆಗೋದು ನಿನ್ನ ವಾಲ್ಯುಮೆಟ್ರಿಕ್ ಫ್ಲಾಸ್ಕಲ್ಲಿ ಆಗಲ್ಲ. ಆ ಬಾಟಲಿ ಮುಟ್ಟಬೇಡ.

ಗುಲಾಬಿ ಬಣ್ಣಕ್ಕೆ ಹೆದರಬೇಡ. ತಿಳಿ ಬೂದು, ತಿಳಿ ಗುಲಾಬಿ ಇದಕ್ಕೆ ಸಹಜ. ಕಂದು ಬಣ್ಣಕ್ಕೆ ತಿರುಗುತ್ತಾ ಹೋದರೆ ಆಕ್ಸಿಡೇಷನ್ ಅನ್ನು. ಬೆಳಕು, ಗಾಳಿ ಎರಡೂ ಇದಕ್ಕೆ ಆಗಿಬರಲ್ಲ. ಏಪ್ರಿಲ್‌ನಲ್ಲಿ ನಮ್ಮೂರಿನ ಲ್ಯಾಬ್ ಕಿಟಕಿ ಪಕ್ಕ ಇಟ್ಟರೆ ಕಥೆ ಮುಗೀತು. ಆಂಬರ್ ಫ್ಲಾಸ್ಕ್ ಬಳಸು, ಇಲ್ಲದಿದ್ದರೆ ಅಲ್ಯುಮಿನಿಯಂ ಫಾಯಿಲ್ ಸುತ್ತು. ನೀರಿನಲ್ಲಿ ಸರಿಯಾಗಿ ಕರಗಲ್ಲ, ಆಲ್ಕೋಹಾಲ್‌ನಲ್ಲಂತೂ ಇಲ್ಲವೇ ಇಲ್ಲ ಅನ್ನಬಹುದು. ಮೊದಲು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸು. ದ್ರಾವಣ ಅವತ್ತಿಂದು ಅವತ್ತೇ ಮಾಡಿಕೋ.

ಶಾಮನೂರು_ರಸ್ತೆ:

ನಾನು ಫಾರ್ಮಸಿಯವನಲ್ಲ ರೀ, ನಮ್ಮ ತಾಯಿ ಇದೇ ಮಾತ್ರೆ ತಗೊಳ್ತಾರೆ. ನುಂಗೋಕೆ ಕಷ್ಟ ಅಂತಾರೆ. ಪುಡಿ ಮಾಡಿ ಕೊಡಬಹುದಾ? ಮತ್ತೆ ಈ ಸ್ಟ್ಯಾಂಡರ್ಡ್ ಅಂದರೆ ಇನ್ನೂ ಒಳ್ಳೆ ಔಷಧಿನಾ?

ಪಾಠದ_ಮೇಡಂ:

ಪುಡಿ ಮಾಡಬೇಡಿ ಅಣ್ಣ. ಆ ಮಾತ್ರೆಗಳ ಹೊರಗಿನ ಕೋಟಿಂಗ್ ಹೊಟ್ಟೆಯ ಆಸಿಡ್‌ಗೆ ಕರಗದೆ ಕೆಳಗಿನ ಕರುಳಿಗೆ ಹೋಗಿ ಬಿಡೋ ಹಾಗೆ ಮಾಡಿರ್ತಾರೆ. ಪುಡಿ ಮಾಡಿದರೆ ಔಷಧಿ ಮೇಲೆಯೇ ಹೀರಿಕೊಂಡುಬಿಡುತ್ತದೆ, ಬೇಕಾದ ಜಾಗಕ್ಕೆ ಹೋಗೋದು ಕಡಿಮೆ. ಹರಳಿನ ಸ್ಯಾಶೆ ರೂಪದಲ್ಲೂ ಬರುತ್ತದೆ, ಡಾಕ್ಟರನ್ನೇ ಕೇಳಿ. ಸ್ಟ್ಯಾಂಡರ್ಡ್ ಲ್ಯಾಬಿಗೆ ಮಾತ್ರ, ತಿನ್ನೋಕಲ್ಲ.

ಬೆಣ್ಣೆದೋಸೆ_ಫಾರ್ಮ:

ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ. ಸರ್ ಹತ್ತಿರ ಮಾತಾಡಿ ಐಪಿಆರ್‌ಎಸ್ ಕೇಳ್ತೀನಿ. ಕೊನೇ ಪ್ರಶ್ನೆ: ಸಿಒಎನಲ್ಲಿ 99.2%, ಒಣಗಿಸಿದ ಆಧಾರದ ಮೇಲೆ ಅಂತ ಇದೆ. ನೇರವಾಗಿ 0.992 ಗುಣಿಸಿದರೆ ಸಾಕಾ? ಅದೇ ಬಾಟಲಿ ಇಂಪ್ಯೂರಿಟಿ, ಅಂದರೆ ಕಲ್ಮಶ ಅಳೆಯೋಕೂ ಆಗುತ್ತಾ?

ಕೋಟೆ_ಕ್ಯೂಸಿ:

ಪುಡಿ ಒಣಗಿಸಿ ತೂಗಿದರೆ ಸಾಕು. ಹಾಗೇ ತೂಗಿದರೆ ತೇವಾಂಶವನ್ನೂ ಕಳೀಬೇಕು. 25.3 ಮಿ.ಗ್ರಾಂ ತೂಗಿದಿರಿ, ಒಣಗುವಾಗ ಹೋಗೋದು 0.4% ಅಂತಿಟ್ಟುಕೊಳ್ಳಿ: 25.3 × 0.992 × 0.996, ಅಂದರೆ ಹತ್ತಿರ ಹತ್ತಿರ 25.0 ಮಿ.ಗ್ರಾಂ. ಫಾರ್ಮಕೊಪಿಯಾ ಬಾಟಲಿಯ ಲೇಬಲ್‌ನಲ್ಲಿ ಒಣಗಿಸು ಅಥವಾ ಹಾಗೇ ಬಳಸು ಅಂತ ಬರೆದಿರುತ್ತದೆ. ಒಣಗಿಸಬೇಡ ಅಂದಿದ್ದರೆ ಜಾಣತನ ಮಾಡಿ ಓವನ್‌ಗೆ ಇಡಬೇಡಿ.

ಇಂಪ್ಯೂರಿಟಿಗೆ ಆಗಲ್ಲ. 4-ಅಮಿನೋಫೀನಾಲ್, 3-ಅಮಿನೋಫೀನಾಲ್, ಸ್ಯಾಲಿಸಿಲಿಕ್ ಆಸಿಡ್ ಇವೆಲ್ಲಕ್ಕೂ ಬೇರೆ ಬೇರೆ ತರಿಸಬೇಕು, ಪೀಕ್ ಎಲ್ಲಿ ಬರುತ್ತದೆ ಅಂತ ಅವನ್ನು ಹಾಕದೆ ಹೇಗೆ ಹೇಳ್ತೀರಿ? 4-ಅಮಿನೋಫೀನಾಲ್ ಪ್ಯಾರಸಿಟಮಾಲ್‌ನಲ್ಲೂ ಬರೋ ಇಂಪ್ಯೂರಿಟಿನೇ. ಪಕ್ಕದ ಲ್ಯಾಬ್‌ನಲ್ಲಿ ಯಾರಾದರೂ ಪ್ಯಾರಸಿಟಮಾಲ್ ಮಾಡ್ತಿದ್ದರೆ ಮೊದಲು ಅವರ ಹತ್ತಿರ ವಿಚಾರಿಸಿ. ಥೀಸಿಸ್‌ನಲ್ಲಿ ಲಾಟ್ ನಂಬರ್ ಬರೆಯೋದು ಮರೀಬೇಡಿ.