ಪ್ರೋಗ್ರಾಮಿಂಗ್‌ಗೆ ಯಾವ ಲ್ಯಾಪ್‌ಟಾಪ್, ಯಾವ ಓಎಸ್? – ಪ್ರಶ್ನೋತ್ತರ

ಗುಂಪಿನ ನಿರ್ವಾಹಕ: ಸರ್ವರ್ ನಿರ್ವಹಣೆಯಲ್ಲಿ ಬಹುಕಾಲ ದುಡಿದಿರುವ ನಮ್ಮ ಹಿರಿಯ ಸದಸ್ಯೆಯೊಬ್ಬರು ಈ ಸಂಜೆ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಒಬ್ಬರು ಕೇಳಿದ್ದನ್ನೇ ಮತ್ತೊಬ್ಬರು ಕೇಳಬಾರದೆಂದು ವಿನಂತಿ.

ಬಿಸಿಎ ವಿದ್ಯಾರ್ಥಿ, ಹಾವೇರಿ: ಮೇಡಂ, ನಮಸ್ಕಾರ. ಮನೆಯಲ್ಲಿ ಐವತ್ತು ಸಾವಿರ ರೂಪಾಯಿ ಕೊಡಲು ಒಪ್ಪಿದ್ದಾರೆ. ಈಗ ಜಾವಾ ಕಲಿಯುತ್ತಿದ್ದೇನೆ, ಮುಂದೆ ಆಂಡ್ರಾಯ್ಡ್ ಆ್ಯಪ್ ಮಾಡುವ ಆಸೆಯಿದೆ. ಏನನ್ನು ನೋಡಿ ಕೊಳ್ಳಬೇಕು?

ಮೇಡಂ: ಪ್ರೊಸೆಸರ್‌ಗಿಂತ ಮೊದಲು ರ‍್ಯಾಮ್ ನೋಡಿ. ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ, ಅದನ್ನು ಪರೀಕ್ಷಿಸಲು ತೆರೆಯ ಮೇಲೆ ಮೂಡುವ ನಕಲಿ ಫೋನ್ ಆದ ಎಮ್ಯುಲೇಟರ್, ಬ್ರೌಸರ್ ಮೂರೂ ಒಟ್ಟಿಗೆ ತೆರೆದರೆ 8 ಜಿಬಿ ಏದುಸಿರು ಬಿಡುತ್ತದೆ. 16 ಜಿಬಿ ಇರಲಿ. ತೆಳ್ಳಗಿನ ಮಾದರಿಗಳು ಹಲವದರಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಆದ್ದರಿಂದ ಖಾಲಿ ಸ್ಲಾಟ್ ಇದೆಯೇ ಎಂದು ವಿಚಾರಿಸಿಯೇ ಹಣ ಕೊಡಿ. ವಿಂಡೋಸ್ ಬಂದಿದ್ದರೆ ಇಟ್ಟುಕೊಳ್ಳಿ. ಲಿನಕ್ಸ್ ಬೇಕೆನಿಸಿದಾಗ ಡಬ್ಲ್ಯೂಎಸ್‌ಎಲ್ ಎಂಬ ವಿಂಡೋಸ್‌ನದೇ ಸೌಲಭ್ಯದ ಮೂಲಕ ಅದರೊಳಗೇ ಉಬುಂಟು ಎಂಬ ಲಿನಕ್ಸ್ ಆವೃತ್ತಿಯನ್ನು ಹಾಕಿಕೊಳ್ಳಬಹುದು.

ಸದಸ್ಯ, ಮೈಸೂರು: ಐಫೋನ್ ಆ್ಯಪ್ ಅನ್ನು ವಿಂಡೋಸ್‌ನಲ್ಲೇ ಪೂರ್ತಿಯಾಗಿ ಮಾಡಬಹುದೇ?

ಮೇಡಂ: ಇಲ್ಲ. ಅದಕ್ಕೆ ಬೇಕಾದ ಎಕ್ಸ್‌ಕೋಡ್ ಎಂಬ ತಂತ್ರಾಂಶ ಆ್ಯಪಲ್‌ನ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ: ಮೇಡಂ, ದಯವಿಟ್ಟು ಬೇಗ ಹೇಳಿ. ವಿಂಡೋಸ್ ಜೊತೆಗೆ ಉಬುಂಟು ಹಾಕಲು ಹೊರಟು, ಒಂದು ವಿಡಿಯೋದಲ್ಲಿ ತೋರಿಸಿದಂತೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಆಯ್ಕೆಯನ್ನು ಆಫ್ ಮಾಡಿದೆ. ಈಗ ನೀಲಿ ಪರದೆ ಬಂದು ಬಿಟ್‌ಲಾಕರ್ ಕೀಲಿ ಕೇಳುತ್ತಿದೆ. ಅಂತಹ ಕೀಲಿಯನ್ನು ನಾನು ಎಂದೂ ಇಟ್ಟವಳಲ್ಲ. ಸೋಮವಾರ ಪ್ರಾಜೆಕ್ಟ್ ವೈವಾ ಇದೆ, ಬೇರೆಲ್ಲೂ ಪ್ರತಿಯಿಲ್ಲ.

ಮೇಡಂ: ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ಉಬುಂಟು ಪೆನ್‌ಡ್ರೈವ್ ಅನ್ನು ಕಿತ್ತು ಪಕ್ಕಕ್ಕಿಡಿ. ನಿಮ್ಮ ಫೈಲುಗಳು ಅಳಿದಿಲ್ಲ, ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗದೊಳಗಿವೆ. ವಿಂಡೋಸ್ 11 ಇರುವ ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ, ಕೊಂಡವರಿಗೆ ಅದರ ಸುಳಿವೂ ಇರುವುದಿಲ್ಲ. ಆ ಬೀಗವನ್ನು ತೆಗೆಯುವ ಕೆಲಸ ಟಿಪಿಎಂ ಎಂಬ ಚಿಪ್‌ನದು. ಯಂತ್ರ ಆನ್ ಆಗುವಾಗ ಸೆಕ್ಯೂರ್ ಬೂಟ್ ಮೊದಲಿನಂತೆಯೇ ಇದ್ದರೆ ಅದು ಸದ್ದಿಲ್ಲದೆ ಬಾಗಿಲು ತೆರೆಯುತ್ತದೆ, ಬದಲಾಗಿದ್ದರೆ ನಿಮ್ಮನ್ನೇ ಅಪರಿಚಿತರೆಂದು ತಡೆಯುತ್ತದೆ. (ಉಬುಂಟುಗೆ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೇ ಇಲ್ಲ, ಆ ವಿಡಿಯೋ ಮಾಡಿದವರಿಗೆ ಇದು ತಿಳಿದಿರಲಿಲ್ಲ.)

ಮೊದಲು ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಅನ್ನು ಮತ್ತೆ ಆನ್ ಮಾಡಿ. ಬಹಳ ಸಲ ಅಷ್ಟಕ್ಕೇ ವಿಂಡೋಸ್ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಮೊಬೈಲ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ 48 ಅಂಕಿಗಳ ಕೀಲಿ ಇದೆಯೇ ನೋಡಿ. ಮೊದಲ ದಿನ ಆ ಯಂತ್ರಕ್ಕೆ ಯಾರ ಖಾತೆಯಿಂದ ಲಾಗಿನ್ ಮಾಡಿದ್ದರು ಎಂಬುದನ್ನೂ ನೆನಪು ಮಾಡಿಕೊಳ್ಳಿ.

ಸದಸ್ಯ, ಹುಬ್ಬಳ್ಳಿ: ಇದಕ್ಕೆ ಸುಲಭದ ಪರಿಹಾರವೊಂದು ನನಗೆ ಫಾರ್ವರ್ಡ್ ಆಗಿ ಬಂದಿದೆ: “ಬಯಾಸ್‌ನಲ್ಲಿ ಟಿಪಿಎಂ ಕ್ಲಿಯರ್ ಮಾಡಿದರೆ ಬಿಟ್‌ಲಾಕರ್ ತಾನೇ ಹೋಗುತ್ತದೆ, ಎಲ್ಲರಿಗೂ ಹಂಚಿ.”

ಮೇಡಂ: ದಯವಿಟ್ಟು ಹಂಚಬೇಡಿ. ಟಿಪಿಎಂ ಕ್ಲಿಯರ್ ಮಾಡಿದರೆ ಬಿಟ್‌ಲಾಕರ್ ಹೋಗುವುದಿಲ್ಲ, ಕೀಲಿಯಿಲ್ಲದೆ ತೆರೆಯಲು ಉಳಿದಿದ್ದ ಒಂದೇ ದಾರಿ ಹೋಗುತ್ತದೆ. ದಾವಣಗೆರೆಯವರೇ, ಅದನ್ನು ಮುಟ್ಟಲೇಬೇಡಿ.

ಸದಸ್ಯ, ಬೆಂಗಳೂರು: ಇದಕ್ಕೇ ನಾನು ಹೇಳುವುದು, ಸಾಲ ಮಾಡಿಯಾದರೂ ಮ್ಯಾಕ್ ತೆಗೆದುಕೊಳ್ಳಿ. ಒಳಗಿರುವುದು ಲಿನಕ್ಸ್‌ಗೆ ಹತ್ತಿರದ ಯುನಿಕ್ಸ್, ಬ್ಯಾಟರಿ ದಿನವಿಡೀ ಬರುತ್ತದೆ.

ಸದಸ್ಯ, ಶಿವಮೊಗ್ಗ: ಸಾಲದ ಕಂತನ್ನು ತಾವು ಕಟ್ಟುತ್ತೀರಾ? ನಮ್ಮ ಕಚೇರಿಯಲ್ಲಿ ಒಬ್ಬರು ಮ್ಯಾಕ್‌ನಲ್ಲಿ ಬರೆದ ಕೋಡ್ ಉಬುಂಟು ಸರ್ವರ್‌ನಲ್ಲಿ ಬಿದ್ದುಹೋಯಿತು. ಫೋಲ್ಡರಿನ ಹೆಸರಿನಲ್ಲಿದ್ದ ದೊಡ್ಡ ‘ಐ’ ಅಕ್ಷರ ಕೋಡ್‌ನಲ್ಲಿ ಚಿಕ್ಕದಾಗಿತ್ತು. ಮ್ಯಾಕ್ ಎರಡನ್ನೂ ಒಂದೇ ಎಂದುಕೊಂಡಿತು, ಲಿನಕ್ಸ್ ಒಪ್ಪಲಿಲ್ಲ.

ಸದಸ್ಯ, ಬೆಂಗಳೂರು: ಅದು ಬರೆದವರ ಅಜಾಗರೂಕತೆ. ವಿಂಡೋಸ್‌ನಲ್ಲಿಯೂ ಹಾಗೆಯೇ ಆಗುತ್ತಿತ್ತು.

ಸದಸ್ಯ, ಶಿವಮೊಗ್ಗ: ವಿಂಡೋಸ್ ಪರವಾಗಿ ನಾನೆಲ್ಲಿ ಮಾತನಾಡಿದೆ? ಓದಿ ಉತ್ತರಿಸುವ ಅಭ್ಯಾಸ ಮಾಡಿಕೊಳ್ಳಿ.

ಪ್ರೌಢಶಾಲಾ ಶಿಕ್ಷಕ, ಗದಗ: ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಶಾಲೆಯ ಹನ್ನೆರಡು ಗಣಕಗಳಲ್ಲಿ ವಿಂಡೋಸ್ 10 ಇದೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಪ್ರೊಸೆಸರ್ ಆದ್ದರಿಂದ ವಿಂಡೋಸ್ 11 ಒಪ್ಪುತ್ತಿಲ್ಲ. ಉಬುಂಟು ಹಾಕಿದರೆ ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿರುವ ಪ್ರಶ್ನೆಪತ್ರಿಕೆಗಳನ್ನು ಓದಲು ಬರುತ್ತದೆಯೇ?

ಸದಸ್ಯ, ಬೆಂಗಳೂರು: ಓದಿಯೇ ಬರೆದಿದ್ದೇನೆ. ಮ್ಯಾಕ್ ಬಳಸದವರೇ ಮ್ಯಾಕ್ ಬಗ್ಗೆ ಹೆಚ್ಚು ಮಾತನಾಡುತ್ತಾರೆ.

ಮೇಡಂ: ಇಬ್ಬರೂ ಸಾಕು ಮಾಡಿ. ನಿಮ್ಮ ಕೋಡ್ ಕೊನೆಗೆ ಲಿನಕ್ಸ್ ಸರ್ವರ್‌ನಲ್ಲಿ ಓಡುವುದಾದರೆ, ಕೈಯಲ್ಲಿರುವುದು ಯಾವ ಯಂತ್ರವಾದರೂ ಲಿನಕ್ಸ್‌ನಲ್ಲೊಮ್ಮೆ ಪರೀಕ್ಷಿಸಿ ಕಳುಹಿಸಬೇಕು.

ಸದಸ್ಯೆ, ತುಮಕೂರು: ಡಬ್ಲ್ಯೂಎಸ್‌ಎಲ್ ಬಹಳ ನಿಧಾನ ಎನ್ನುತ್ತಾರಲ್ಲ ಮೇಡಂ?

ಮೇಡಂ: ಪ್ರಾಜೆಕ್ಟನ್ನು ಸಿ ಡ್ರೈವ್‌ನಲ್ಲಿಟ್ಟು ಉಬುಂಟುವಿನಿಂದ ತೆರೆದರೆ ನಿಧಾನವೇ. ಉಬುಂಟುವಿನ ಹೋಮ್ ಫೋಲ್ಡರಿಗೆ ಸರಿಸಿ.

ಸದಸ್ಯ, ಬೆಳಗಾವಿ: ಐವತ್ತು ಸಾವಿರದೊಳಗೆ ಕೋಡಿಂಗ್‌ಗೆ ಒಳ್ಳೆಯ ಲ್ಯಾಪ್‌ಟಾಪ್ ಯಾವುದು ಮೇಡಂ?

ಮೇಡಂ: ಮೊದಲ ಉತ್ತರ ಓದಿ.

ಸದಸ್ಯ, ಕೋಲಾರ: ಮೇಡಂ, 8 ಜಿಬಿ ರ‍್ಯಾಮ್ ಸಾಕಾಗುವುದಿಲ್ಲವೇ?

ಮೇಡಂ: ನಿರ್ವಾಹಕರೇ, ನೀವು ಮಾಡಿದ ವಿನಂತಿಯನ್ನು ಯಾರೂ ಓದಿದಂತಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ: ಸೆಕ್ಯೂರ್ ಬೂಟ್ ಆನ್ ಮಾಡಿದರೂ ಅದೇ ಪರದೆ ಬರುತ್ತಿದೆ ಮೇಡಂ. ನನ್ನ ಖಾತೆಯಲ್ಲಿ ಕೀಲಿಯಿಲ್ಲ. ಕೊಂಡ ದಿನ ಅಂಗಡಿಯ ಹುಡುಗನೇ ಲಾಗಿನ್ ಮಾಡಿಕೊಟ್ಟಿದ್ದ. ಫೋನ್ ಮಾಡಿದರೆ ಅವನ ಖಾತೆಯಲ್ಲಿ ನಾಲ್ಕು ಕೀಲಿಗಳಿವೆಯಂತೆ.

ಮೇಡಂ: ನಾನು ಅನುಮಾನಪಟ್ಟದ್ದೂ ಅದನ್ನೇ. ನೀಲಿ ಪರದೆಯ ಮೇಲೆ ಕೀಲಿಯ ಐಡಿ ಕಾಣುತ್ತದೆ. ಅದರ ಮೊದಲ ಎಂಟು ಅಕ್ಷರಗಳನ್ನು ಓದಿ ಹೇಳಿ, ಹೊಂದುವ ಕೀಲಿಯನ್ನು ಅವನು ಕಳುಹಿಸಲಿ.

ಪ್ರೌಢಶಾಲಾ ಶಿಕ್ಷಕ, ಗದಗ: ನನ್ನ ಪ್ರಶ್ನೆಯನ್ನು ಯಾರಾದರೂ ಗಮನಿಸಿದಿರಾ?

ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ: ಮೂರನೆಯ ಕೀಲಿ ಹೊಂದಿತು ಮೇಡಂ! ವಿಂಡೋಸ್ ತೆರೆಯಿತು, ಎಲ್ಲ ಫೈಲುಗಳೂ ಇವೆ. ಈಗ ಉಬುಂಟು ಹಾಕಲೇ?

ಮೇಡಂ: ಪ್ರಾಜೆಕ್ಟ್ ಫೋಲ್ಡರನ್ನು ಈಗಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಉಬುಂಟು ಇರುವ ಪೆನ್‌ಡ್ರೈವಿಗಲ್ಲ, ಬೇರೆಯದಕ್ಕೆ. ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಉಬುಂಟುವಿನ ಮಾತು ಸೋಮವಾರದ ನಂತರ.