ಪದ ಬೇಕು (ತುರ್ತು): "ವಾಲ್ವ್ ಮುಚ್ಚಿ, ಐಸೊಲೇಟರ್ ತೆರೆಯಿರಿ"?

ಎಲ್ಲರಿಗೂ ನಮಸ್ಕಾರ.

ಮನೆ ಹೊರಗೆ ಇಡುವ ಬಿಸಿನೀರಿನ ತೊಟ್ಟಿ, ಅದೇ ಹಾಟ್ ಟಬ್, ಅದಕ್ಕೆ ಕರೆಂಟ್ ಎಳೆಯುವ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೈಪಿಡಿಗೆ ಇನ್ನೂ ಟೈಮ್ ಇದೆ. ಆದರೆ ಸ್ವಿಚ್ ಡಬ್ಬಿಯ ಮೇಲೆ ಅಂಟಿಸುವ ಎಚ್ಚರಿಕೆ ಫಲಕ ಇವತ್ತು ಸಂಜೆಯೇ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ಇದ್ದ ಹಾಗೇ ತಂದರೆ ಹೀಗಾಗುತ್ತದೆ:

"ಪಂಪ್ ಬಿಚ್ಚುವ ಮೊದಲು ಎರಡೂ ವಾಲ್ವ್ ಮುಚ್ಚಿ, ಐಸೊಲೇಟರ್ ತೆರೆಯಿರಿ."

ವಾಲ್ವ್ ಮುಚ್ಚಿದರೆ ನೀರು ನಿಲ್ಲುತ್ತದೆ, ಸರಿ. ಐಸೊಲೇಟರ್, ಅಂದರೆ ಕರೆಂಟನ್ನು ಪೂರ್ತಿ ಬೇರ್ಪಡಿಸುವ ಸ್ವಿಚ್, ಅದನ್ನು ತೆರೆದರೆ ಕರೆಂಟ್ ನಿಲ್ಲುತ್ತದೆ ಅಂತ ಓದುವವರಿಗೆ ಹೇಗೆ ಹೊಳೆಯಬೇಕು? ನಲ್ಲಿ ತೆರೆದರೆ ನೀರು ಬರುತ್ತದೆ. ಹಾಗೇ ಇದನ್ನು ತೆರೆದರೆ ಕರೆಂಟ್ ಬರುತ್ತದೆ ಅಂದುಕೊಳ್ಳಲ್ವಾ? "ಸಂಪರ್ಕ ಕಡಿತಗೊಳಿಸಿ" ಅಂತಲೂ ಬರೆದು ನೋಡಿದೆ. ಬಿಲ್ ಕಟ್ಟದವರಿಗೆ ಬರುವ ನೋಟಿಸಿನ ಥರ ಕೇಳಿಸಿತು.

ಫಲಕದಲ್ಲಿ ಎರಡು ಸಾಲಿಗಷ್ಟೇ ಜಾಗ. ಬೇಗ ಹೇಳಿದರೆ ಉಪಕಾರ.

– ಸ.

*

ಮೇಡಂ,

ಇದರಲ್ಲಿ ಚರ್ಚೆಗೆ ಏನಿದೆ? "ತೆರೆದ ಮಂಡಲ", "ಮುಚ್ಚಿದ ಮಂಡಲ" ಅಂತ ಹೈಸ್ಕೂಲಿನಲ್ಲೇ ಕಲಿಸುತ್ತಾರೆ. ತೆರೆದ ಮಂಡಲದಲ್ಲಿ ವಿದ್ಯುತ್ ಹರಿಯುವುದಿಲ್ಲ. ಐಸೊಲೇಟರ್‌ಗೆ "ವಿಯೋಜಕ" ಅಂತ ಇಟ್ಟುಕೊಳ್ಳಿ. "ವಿಯೋಜಕವನ್ನು ತೆರೆಯಿರಿ." ಒಂದೇ ಸಾಲು ಸಾಕು, ಇನ್ನೊಂದು ಸಾಲು ನಿಮಗೆ ಉಳಿಯಿತು.

– ಕೆ.ಎನ್.

*

> ವಿಯೋಜಕವನ್ನು ತೆರೆಯಿರಿ

ತೆರೆದರು. ಡಬ್ಬಿಯ ಮುಚ್ಚಳವನ್ನು. ಕರೆಂಟ್ ಇರುವಾಗಲೇ.

ಸ್ವಾಮಿ, ಫಲಕ ಅಂಟಿಸುವುದೇ ಡಬ್ಬಿಯ ಮೇಲೆ. ಅಲ್ಲಿ "ತೆರೆಯಿರಿ" ಅಂತ ಬರೆದರೆ ಯಾರೇ ಆಗಲಿ ಸ್ಕ್ರೂಡ್ರೈವರ್ ತಗೊಂಡು ಅದನ್ನೇ ತೆರೆಯುತ್ತಾರೆ. ನಾನು ವೈರಿಂಗ್ ಕೆಲಸದಲ್ಲೇ ಇರುವವನು. ನಮ್ಮಲ್ಲಿ ಯಾರೂ "ಮಂಡಲ ತೆರೆ" ಅನ್ನುವುದಿಲ್ಲ. "ಆಫ್ ಮಾಡು" ಅಂತೀವಿ, ಇಲ್ಲ "ಕರೆಂಟ್ ತೆಗಿ" ಅಂತೀವಿ.

ಇನ್ನೊಂದು. ತೊಟ್ಟಿಯ ಮೇಲಿನ ಗುಂಡಿ ಒತ್ತಿದರೂ ಪಂಪ್ ನಿಲ್ಲುತ್ತದೆ. ಆದರೆ ಒಳಗಿನ ವೈರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಆದ್ದರಿಂದ "ನಿಲ್ಲಿಸಿ" ಅನ್ನುವ ಪದವನ್ನು ಪಂಪಿಗೆ ಮಾತ್ರ ಇಡಿ. ಕರೆಂಟಿಗೆ ಅದು ಬೇಡವೇ ಬೇಡ.

– ಬ.

*

ಗೆಳೆಯರೇ,

ಒಬ್ಬರು ಸಂಸ್ಕೃತ, ಇನ್ನೊಬ್ಬರು ಇಂಗ್ಲಿಷ್. ಕನ್ನಡ ಎಲ್ಲಿ?

ಕರೆಂಟ್, ವೈರ್, ಆಫ್ ಯಾವುದೂ ಬೇಡ. ಮಿಂಚು, ತಂತಿ, ಆರಿಸು ಇವೆ. ಐಸೊಲೇಟರ್‌ಗೆ "ಬೇರ್ಪುಗುಂಡಿ" ಅನ್ನಬಹುದು. "ಬೇರ್ಪುಗುಂಡಿ ಆರಿಸಿ." ಎಷ್ಟು ಚೊಕ್ಕವಾಗಿದೆ ನೋಡಿ.

ಹಾಟ್ ಟಬ್‌ಗೆ "ತೊಟ್ಟಿ" ಬಳಸಿದ್ದು ಸಂತೋಷ. ಇದು ತಮಿಳು, ತೆಲುಗಿನಲ್ಲೂ ಇರುವ ನಮ್ಮದೇ ಪದ. ತೊಟ್ಟಿಲು ಕೂಡ ಇದರ ಕುಟುಂಬದ್ದೇ ಅನ್ನುವುದು ನನ್ನ ಗಟ್ಟಿ ನಂಬಿಕೆ. ಎರಡೂ ಗುಳಿಯ ಆಕಾರ, ಎರಡರಲ್ಲೂ ಮೈಯನ್ನು ಹಗುರ ಮಾಡಿ ಮಲಗಿಸುತ್ತಾರೆ. ಬೇಕಿದ್ದರೆ ಈ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

– ಗೋ.

*

ಬೇಡ.

"ಆರಿಸಿ" ಅಂದರೆ ಆಯ್ಕೆ ಮಾಡಿ ಅಂತಲೂ ಆಗುತ್ತದೆ. ಬ್ಯಾಂಕಿನ ಯಂತ್ರದ ಮುಂದೆ ನಿಂತವರು ದಿನಾ "ಭಾಷೆ ಆರಿಸಿ" ಅಂತ ಓದುತ್ತಾರೆ. ನಿಮ್ಮ ಫಲಕ ನೋಡಿ ಯಾವ ಗುಂಡಿ ಆರಿಸಲಿ ಅಂತ ಹುಡುಕುತ್ತಾ ನಿಲ್ಲುತ್ತಾರೆ. ದೀಪ ಆರಿಸುತ್ತೇವೆ, ಒಲೆ ಆರಿಸುತ್ತೇವೆ. ಉರಿಯುವುದಕ್ಕೆ ಮಾತ್ರ ಆ ಮಾತು.

ಮತ್ತೆ, "ತಂತಿ" ಅಚ್ಚ ಕನ್ನಡ ಅಂತ ಯಾರು ಹೇಳಿದರು? ಸಂಸ್ಕೃತದ ತಂತ್ರಿಯ ತದ್ಭವ ಅದು. ವೀಣೆಯಿಂದ ಕಂಬಕ್ಕೆ ಬಂತು. ಸಾಲದ ಪದವನ್ನೇ ಹಿಡಿದುಕೊಂಡು ಇನ್ನೊಬ್ಬರ ಸಾಲ ಎಣಿಸಬೇಡಿ.

– ವಿ.ರಾ.

*

ಎಲ್ಲರಿಗೂ ಥ್ಯಾಂಕ್ಸ್. ತೊಟ್ಟಿಲಿನ ವಿಷಯ ನಾಳೆ ಮಾತಾಡೋಣ, ಪ್ಲೀಸ್. ಅಚ್ಚಿನವರು ಫೋನ್ ಮಾಡುತ್ತಿದ್ದಾರೆ.

ಇದೇ ಥರದ ಇನ್ನೊಂದು ಸಿಕ್ಕಿದೆ. ಕೈಪಿಡಿಯಲ್ಲಿ "ಸೋರಿಕೆ" ಅಂತ ನಾನೇ ಎರಡು ಕಡೆ ಬರೆದಿದ್ದೇನೆ. ಒಂದು ಕಡೆ ಪೈಪಿನಿಂದ ನೀರು ಸೋರುವುದು, ಇನ್ನೊಂದು ಕಡೆ ಕರೆಂಟ್ ಸೋರುವುದು. ನೀರು ಸೋರಿದರೆ ಜಾಯಿಂಟ್ ಬಿಗಿ ಮಾಡಿ ಅಂತಿದೆ. ಕರೆಂಟ್ ಸೋರಿದರೆ ಹತ್ತಿರ ಹೋಗಬೇಡಿ ಅಂತಿದೆ. "ಪೂರೈಕೆ" ಕೂಡ ಹಾಗೇ, ನೀರಿನದ್ದಾ ಕರೆಂಟಿನದ್ದಾ ಗೊತ್ತಾಗಲ್ಲ. ನೀರಿನ ಮಾತುಗಳನ್ನೆಲ್ಲ ಕರೆಂಟಿಗೆ ಕೊಟ್ಟುಬಿಟ್ಟಿದ್ದೇವೆ. ಬೇರೆ ಯಂತ್ರಕ್ಕಾದರೆ ನಡೆಯುತ್ತದೆ, ಇಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ.

– ಸ.

*

ಮೇಡಂ, ಪ್ರತಿ ಸಲವೂ "ನೀರು ಸೋರಿದರೆ", "ಕರೆಂಟ್ ಲೀಕ್ ಆದರೆ" ಅಂತ ಪೂರ್ತಿ ಬರೆಯಿರಿ. ಒಂಟಿ "ಸೋರಿಕೆ" ಎಲ್ಲೂ ಬೇಡ.

ಕರೆಂಟ್ ಲೀಕ್ ಆದಾಗ ಕೆಲಸ ಮಾಡುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೆ 0.3 ಸೆಕೆಂಡಿನೊಳಗೆ ಟ್ರಿಪ್ ಆಗಬೇಕು. ಎಂಸಿಬಿ ಬೇರೆ, ಅದು ಕರೆಂಟ್ ಮಿತಿ ಮೀರಿ ಹರಿದಾಗ ಟ್ರಿಪ್ ಆಗುವ ಸ್ವಿಚ್. 32 ಆಂಪಿಯರಿನ ಎಂಸಿಬಿಗೆ 30 ಮಿಲಿಆಂಪಿಯರ್ ಲೆಕ್ಕಕ್ಕೇ ಇಲ್ಲ, ಸಾವಿರ ಪಟ್ಟು ಅಂತರ. ಅದು ಕೇಬಲ್ ಸುಡದಂತೆ ಕಾಯುತ್ತದೆ, ಮನುಷ್ಯರನ್ನಲ್ಲ. ಎರಡಕ್ಕೂ ಸೇರಿಸಿ "ಸುರಕ್ಷತಾ ಸಾಧನ" ಅಂತ ಒಂದೇ ಪದ ಹಾಕಿದರೆ ಯಾರೋ ಎಂಸಿಬಿ ಹಾಕಿ ಕೆಲಸ ಮುಗಿಯಿತು ಅಂತಾರೆ. ಹೆಸರುಗಳನ್ನು ಇದ್ದ ಹಾಗೇ ಬಿಡಿ. ಅಂಗಡಿಯಲ್ಲೂ ಅದೇ ಹೆಸರಿಗೆ ಸಿಗುತ್ತದೆ.

ವೈರಿನ ಬಣ್ಣವನ್ನಂತೂ "ನಮ್ಮ ರೂಢಿಗೆ" ಬದಲಾಯಿಸಲೇಬೇಡಿ. ಅಮೆರಿಕದ ತೊಟ್ಟಿಯಲ್ಲಿ ಕಪ್ಪು ವೈರ್ ಅಂದರೆ ಕರೆಂಟ್ ಇರುವುದು, ಬಿಳಿ ನ್ಯೂಟ್ರಲ್. ಹಳೇ ಬ್ರಿಟಿಷ್ ಪದ್ಧತಿಯಲ್ಲಿ ಕಪ್ಪೇ ನ್ಯೂಟ್ರಲ್. ಈಗಿನ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ಪದ್ಧತಿಯಲ್ಲಿ ನೀಲಿ ನ್ಯೂಟ್ರಲ್, ಹಳೇ ಮೂರು ಫೇಸಿನಲ್ಲಿ ಅದೇ ನೀಲಿ ಒಂದು ಫೇಸ್. ಬಣ್ಣದ ಜೊತೆ ಅದು ಏನು ಅನ್ನುವುದನ್ನೂ ಬರೆಯಿರಿ.

– ಬ.

*

ಶ್ರೀ ಬ. ಅವರ ವಾದದಂತೆ ನಡೆದರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಮಾತ್ರ ಉಳಿಯುತ್ತವೆ. "ಆರ್‌ಸಿಸಿಬಿಯನ್ನು ಟೆಸ್ಟ್ ಮಾಡಿ ಐಸೊಲೇಟರನ್ನು ಆಫ್ ಮಾಡಿ." ಇದರಲ್ಲಿ ಕನ್ನಡ ಯಾವುದು? "ಅನ್ನು" ಮತ್ತು "ಮಾಡಿ".

– ಕೆ.ಎನ್.

*

ಅಷ್ಟೇ ಸಾಕು ಸಾರ್, ಅರ್ಥ ಆಗುತ್ತದೆ. ನಿಮ್ಮ ವಿಯೋಜಕದಲ್ಲೂ ಕನ್ನಡ ಅಂದರೆ "ವನ್ನು" ಅಷ್ಟೇ ಅಲ್ವಾ?

– ಬ.

*

ಇಬ್ಬರೂ ಒಂದೇ ಕಡೆ ನಿಂತಿದ್ದೀರಿ ಅಂತ ನಾನು ಮೊದಲೇ ಹೇಳಿದೆ.

– ಗೋ.

*

ಸ. ಅವರಿಗೆ,

ಜಗಳ ಬಿಡಿ. ನಿಮ್ಮ ಮೂಲ ಪ್ರಶ್ನೆಗೆ ನನ್ನ ಅನಿಸಿಕೆ ಇಷ್ಟು. "ತೆರೆ" ಮತ್ತು "ಮುಚ್ಚು" ನೀರಿನ ಪದಗಳು, ವಾಲ್ವ್‌ಗೆ ಮಾತ್ರ ಇರಲಿ. ಕರೆಂಟಿಗೆ "ಆನ್", "ಆಫ್". ಸ್ವಿಚ್ಚಿನ ಮೇಲೆ ಹೇಗೂ ಗೆರೆ ಮತ್ತು ಸೊನ್ನೆಯ ಗುರುತು ಇರುತ್ತದೆ. ಗೆರೆ ಅಂದರೆ ಆನ್, ಸೊನ್ನೆ ಅಂದರೆ ಆಫ್. ಫಲಕದಲ್ಲೂ ಆ ಸೊನ್ನೆ ಚಿತ್ರ ಹಾಕಿಸಿ, ಓದಲು ಬಾರದವರಿಗೂ ತಿಳಿಯುತ್ತದೆ.

"ಕರೆಂಟ್ ತೆಗೆ" ಮಾತಿನಲ್ಲಿ ಚೆನ್ನ, ಫಲಕಕ್ಕೆ ಬೇಡ. ಬಾಗಿಲು ತೆಗೆ ಅಂದರೆ ತೆರೆ, ಕರೆಂಟ್ ತೆಗೆ ಅಂದರೆ ನಿಲ್ಲಿಸು. ನೀವು ಓಡಿಬಂದ ಗೊಂದಲಕ್ಕೇ ವಾಪಸ್ ಹೋಗುತ್ತೀರಿ. ಮುಚ್ಚಳಕ್ಕೆ "ಬಿಚ್ಚಿ" ಅನ್ನಿ. ಸ್ಕ್ರೂ ಇರುವುದನ್ನು ನಾವು ಬಿಚ್ಚುವುದೇ ತಾನೇ?

ಕೈಪಿಡಿಯಲ್ಲಿ ಐಸೊಲೇಟರ್ "ತೊಟ್ಟಿಯ ಪಕ್ಕದಲ್ಲಿ" ಅಂತ ಬರೆದಿದ್ದರೆ ತೆಗೆದುಹಾಕಿ. ಐಇಸಿ ನಿಯಮದಲ್ಲಿ ತೊಟ್ಟಿಯ ಅಂಚಿನಿಂದ 2 ಮೀಟರ್ ಒಳಗೆ ಇಂಥ ಸ್ವಿಚ್ ಇರಕೂಡದು. ಅಮೆರಿಕದ ನಿಯಮದಲ್ಲಿ ಕನಿಷ್ಠ 5 ಅಡಿ ದೂರ ಇರಬೇಕು, ಆದರೆ ತೊಟ್ಟಿಯಿಂದ ಕಣ್ಣಿಗೆ ಕಾಣಬೇಕು. ನೀರಿನಲ್ಲಿ ಕೂತವರ ಕೈಗೆ ಎಟುಕಬಾರದು ಅನ್ನುವುದು ಎರಡರ ಉದ್ದೇಶ. "ಕೈಗೆ ಎಟುಕದಷ್ಟು ದೂರ, ಕಣ್ಣಿಗೆ ಕಾಣುವಷ್ಟು ಹತ್ತಿರ" ಅಂತ ಬರೆದು ಪಕ್ಕದಲ್ಲಿ ಆಯಾ ನಿಯಮದ ಅಂಕಿ ಕೊಡಿ.

– ವಿ.ರಾ.

*

ಅಚ್ಚಿಗೆ ಕಳಿಸಿದೆ:

"ಮೊದಲು ಈ ಸ್ವಿಚ್ ಆಫ್ ಮಾಡಿ.
ಆಮೇಲೆ ತೊಟ್ಟಿಯ ಮುಚ್ಚಳ ಬಿಚ್ಚಿ."

ಪಕ್ಕದಲ್ಲಿ ಸೊನ್ನೆ ಗುರುತು. ಐಸೊಲೇಟರ್ ಅನ್ನುವ ಪದವನ್ನೇ ಬಿಟ್ಟೆ. ಅದರ ಮೇಲೇ ಅಂಟಿಸುವುದರಿಂದ "ಈ ಸ್ವಿಚ್" ಸಾಕಾಯಿತು. ವಾಲ್ವ್ ಮಾತು ಕೈಪಿಡಿಗೆ ಹೋಯಿತು. ಎಲ್ಲರಿಗೂ ಋಣಿ.

– ಸ.

*

ಕೆಟ್ಟ ನಿರ್ಧಾರ, ಆದರೆ ಅರ್ಥವಾಗುವ ಕನ್ನಡ. ಅಂದ ಹಾಗೆ "ಆಫ್" ಬರೆಯುವಾಗ ಫಕಾರದ ಕೆಳಗೆ ಎರಡು ಚುಕ್ಕಿ ಇಟ್ಟಿದ್ದೀರಾ? ಇಲ್ಲದಿದ್ದರೆ ಅದು ಫಲದ ಫ ಆಗುತ್ತದೆ.

– ಕೆ.ಎನ್.

*

ಕನ್ನಡಿಗರ ನಾಲಿಗೆಯಲ್ಲಿ ಮಹಾಪ್ರಾಣವೇ ಇಲ್ಲ, ಇನ್ನು ಚುಕ್ಕಿ ಯಾರಿಗೆ ಬೇಕು? "ಆಪ್" ಅಂತ ಬರೆದರೆ ಸಾಕಿತ್ತು. ಇದರ ಬಗ್ಗೆ ಹೊಸ ಎಳೆ ಶುರು ಮಾಡುತ್ತಿದ್ದೇನೆ.

– ಗೋ.