ಮಗಳು ಹೋಮ್ ಸೈನ್ಸ್, ನ್ಯೂಟ್ರಿಷನ್ ಓದುತ್ತೇನೆ ಅಂತಾಳೆ. ಮುಂದೆ ಕೆಲಸ ಇದೆಯಾ?

ಅಂಗನವಾಡಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. 19 ವರ್ಷ ಆಯಿತು. ಮಗಳು ಈಗ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ಪಿಸಿಎಂಬಿ. ನೀಟ್ ಬರೆಯಲ್ಲ, ನ್ಯೂಟ್ರಿಷನ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಇದು ಅವಳಿಗೆ ಹತ್ತಿದ್ದು ನನ್ನಿಂದಲೇ. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಸೀದಾ ನನ್ನ ಕೇಂದ್ರಕ್ಕೆ ಬರುತ್ತಿದ್ದಳು. ತೂಕದ ದಿನ ನಾನು ಒಂದೊಂದೇ ಮಗುವನ್ನು ತೂಗಿ ಹೇಳಿದರೆ ಇವಳು ಪಕ್ಕದಲ್ಲಿ ಕೂತು ಚಾರ್ಟಿನಲ್ಲಿ ಚುಕ್ಕೆ ಎಲ್ಲಿ ಬೀಳುತ್ತೆ ಅಂತ ನೋಡುತ್ತಿದ್ದಳು, ಹಸಿರಾ, ಹಳದಿಯಾ, ಕಿತ್ತಳೆಯಾ ಅಂತ. ಹಸಿರು ಅಂದರೆ ತೂಕ ಸರಿ, ಹಳದಿ ಅಂದರೆ ಕಡಿಮೆ. ಒಂದು ಹುಡುಗ ತಿಂಗಳುಗಟ್ಟಲೆ ಹಳದಿಯಲ್ಲೇ ನಿಂತುಬಿಟ್ಟಿದ್ದ. ಅವರ ಮನೆಯಲ್ಲಿ ಊಟಕ್ಕೆ ಕೊರತೆ ಇಲ್ಲ, ಎರಡು ಎಮ್ಮೆ ಇವೆ. "ಮತ್ತೆ ಯಾಕಮ್ಮಾ ಅವನ ತೂಕ ಏರ್ತಾ ಇಲ್ಲ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಅದನ್ನು ಇವತ್ತಿಗೂ ಮರೆತಿಲ್ಲ.

ಮನೆಯಲ್ಲಿ ಯಾರಿಗೂ ಇಷ್ಟ ಇಲ್ಲ. ನಮ್ಮ ಮೈದುನ "ಅನ್ನ ಸಾರು ಮಾಡೋದು ಕಲಿಯೋಕೆ ನಾಲ್ಕು ವರ್ಷ ಬೇಕಾ" ಅಂದರು. ಯಜಮಾನರು ನರ್ಸಿಂಗ್ ಸೇರಿಸೋಣ, ಕೆಲಸ ಗ್ಯಾರಂಟಿ ಅಂತಾರೆ. ನಮಗಿರುವುದು ಮೂರು ಎಕರೆ ಮೆಕ್ಕೆಜೋಳ ಮತ್ತು ನನ್ನ ಗೌರವಧನ. ಸುಮ್ನೆ ಓದಿಸಿ ಆಮೇಲೆ ಮನೆಯಲ್ಲಿ ಕೂರಿಸುವ ಶಕ್ತಿ ಇಲ್ಲ. ಈ ದಾರಿಯಲ್ಲಿ ಇರುವವರು ಯಾರಾದರೂ ಇದ್ದರೆ ನಿಜ ಹೇಳಿ. ಯಾವ ಕಾಲೇಜು, ಎಷ್ಟು ವರ್ಷ, ಕೊನೆಗೆ ಎಲ್ಲಿ ಕೆಲಸ?

ವಾರ್ಡ್_ಡಯೆಟಿಷಿಯನ್

ಅಕ್ಕಾ, ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯೆಟಿಷಿಯನ್. ಈ ಕೆಲಸಕ್ಕೆ ಬಂದು 11 ವರ್ಷ. ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಶುರುವಿನಲ್ಲಿ ಸಂಬಳ ಕಡಿಮೆ. ನನ್ನ ಮೊದಲ ಸಂಬಳ 14 ಸಾವಿರ, ಅದರಲ್ಲಿ ಪಿಜಿ ಬಾಡಿಗೆಗೇ ಅರ್ಧ ಹೋಗುತ್ತಿತ್ತು. ಸುಮಾರು ನಾಲ್ಕು ವರ್ಷ ಹಾಗೇ ಎಳೆದೆ. ಬರೀ ಬಿ.ಎಸ್ಸಿ.ಗೆ ನಿಲ್ಲಿಸಿದರೆ ಆ ಮಟ್ಟದಿಂದ ಮೇಲೆ ಬರುವುದು ಕಷ್ಟ. ಹಾಗಾಗಿ ಓದು ಅಂದರೆ ಐದಾರು ವರ್ಷ ಅಂತಲೇ ಲೆಕ್ಕ ಹಾಕಿ. ಡಿಗ್ರಿ, ಆಮೇಲೆ ಫುಡ್ ಅಂಡ್ ನ್ಯೂಟ್ರಿಷನ್ ಅಥವಾ ಡಯೆಟೆಟಿಕ್ಸ್‌ನಲ್ಲಿ ಎಂ.ಎಸ್ಸಿ., ಆಸ್ಪತ್ರೆಯಲ್ಲಿ ಇಂಟರ್ನ್‌ಷಿಪ್, ಆಮೇಲೆ ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್ ನಡೆಸುವ ಆರ್‌ಡಿ ಪರೀಕ್ಷೆ. ರಿಜಿಸ್ಟರ್ಡ್ ಡಯೆಟಿಷಿಯನ್ ಅಂತ ಹೆಸರಿನ ಮುಂದೆ ಬಂದ ಮೇಲೆ ದೊಡ್ಡ ಆಸ್ಪತ್ರೆಗಳು ನಮ್ಮನ್ನು ನೋಡುವ ರೀತಿಯೇ ಬದಲಾಯಿತು, ಇದು ನನ್ನ ಅನುಭವ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ಕಾನೂನು ತಂದಿದೆ, ಅದರಲ್ಲಿ ಡಯೆಟಿಷಿಯನ್, ನ್ಯೂಟ್ರಿಷನಿಸ್ಟ್ ಎರಡೂ ಇವೆ. ಮುಂದೆ ಸರಿಯಾದ ಡಿಗ್ರಿ ಇದ್ದವರಿಗೇ ಬೆಲೆ ಜಾಸ್ತಿ ಆಗುತ್ತೆ.

ಈಗ ನಿಮ್ಮ ಮೈದುನರ ಮಾತಿಗೆ. ನಮ್ಮ ಡಯಾಲಿಸಿಸ್ ವಾರ್ಡಿಗೆ ಒಂದು ದಿನ ಬಂದು ನೋಡಲಿ. ನಮ್ಮ ಜನ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಬಂದರೆ ಮೊದಲು ತರುವುದು ಎಳನೀರು. ಪ್ರೀತಿಯಿಂದಲೇ ತರುತ್ತಾರೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದವರಿಗೆ ಅದು ಹೊರಗೆ ಹೋಗಲ್ಲ, ರಕ್ತದಲ್ಲೇ ಉಳಿದು ಹೃದಯದ ಬಡಿತ ಏರುಪೇರಾಗುತ್ತೆ, ಜೀವವೇ ಹೋಗಬಹುದು. ಒಬ್ಬ ಅಜ್ಜನ ಮಂಚದ ಕೆಳಗೆ ನಾನು ಮೂರು ಎಳನೀರು ತೆಗೆದಿದ್ದೇನೆ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡುವುದು ಹೇಗೆ ಅಂತ ತೋರಿಸಿದೆ. "ಅಯ್ಯೋ, ಸತ್ವ ಎಲ್ಲಾ ಚೆಲ್ಲಿ ಹೋಯ್ತಲ್ಲಮ್ಮಾ" ಅಂದರು. ಹೌದು, ಬೇರೆಯವರಿಗೆ ಸತ್ವ ಆದದ್ದೇ ಅಜ್ಜನಿಗೆ ಅಪಾಯ. ಅದನ್ನು ಅವರಿಗೆ ಅರ್ಥ ಆಗುವ ಹಾಗೆ ಹೇಳುವುದೇ ನನ್ನ ಕೆಲಸ. ಅದಕ್ಕೆ ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಎರಡೂ ಗಟ್ಟಿ ಇರಬೇಕು. ಮಗಳಿಗೆ ಕೆಮಿಸ್ಟ್ರಿ ಇಷ್ಟಾನಾ ಅಂತ ಒಮ್ಮೆ ಕೇಳಿ. ಅದು ಕಷ್ಟ ಅನ್ನುವವರು ಇಲ್ಲಿ ಎರಡನೇ ವರ್ಷಕ್ಕೇ ಬಳಲುತ್ತಾರೆ.

ಕಾಲೇಜು ಅಂದರೆ ಬೆಂಗಳೂರಿನಲ್ಲಿ ವಿಎಚ್‌ಡಿ ಹೋಮ್ ಸೈನ್ಸ್ ಕಾಲೇಜು ಹಳೆಯದು, ಸರ್ಕಾರಿ, ಹೆಣ್ಣುಮಕ್ಕಳಿಗೆ. ಎಂ.ಎಸ್ಸಿ.ಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಚೆನ್ನಾಗಿದೆ. ಅದೇ ಊರಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಪ್ರಾಜೆಕ್ಟ್ ಮಾಡುವವರಿಗೆ ಅನುಕೂಲ.

ಧಾರವಾಡ_ಹಳೇ_ಹುಡುಗಿ

ಅಕ್ಕೋರೆ, ನಿಮಗೆ ಹತ್ತಿರ ಧಾರವಾಡ ಇರುವಾಗ ಬೆಂಗಳೂರು ಯಾಕೆ? ಕೃಷಿ ವಿಶ್ವವಿದ್ಯಾಲಯದಲ್ಲಿ ಗೃಹ ವಿಜ್ಞಾನದ ಕಾಲೇಜು ಇದೆ. 1986ರಲ್ಲಿ ವಿಶ್ವವಿದ್ಯಾಲಯ ಆಗುವ ಮುಂಚಿನಿಂದಲೂ ಇದೆ. ಈಗ ಹೆಸರು ಕಮ್ಯುನಿಟಿ ಸೈನ್ಸ್ ಅಂತ ಬದಲಾಗಿದೆ, ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್. ನಾನು ಅಲ್ಲೇ ಓದಿದವಳು, ಈಗ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗೃಹ ವಿಜ್ಞಾನ ವಿಷಯ ತಜ್ಞೆ. ಈ ಹುದ್ದೆಗೂ ಎಂ.ಎಸ್ಸಿ. ಬೇಕೇ ಬೇಕು.

ಅಲ್ಲಿ ಬರೀ ಆಹಾರ ಅಲ್ಲ. ಮಕ್ಕಳ ಬೆಳವಣಿಗೆ, ಬಟ್ಟೆ ಮತ್ತು ನೇಯ್ಗೆ, ಮನೆಯ ಸಂಪನ್ಮೂಲ ನಿರ್ವಹಣೆ, ವಿಸ್ತರಣಾ ಶಿಕ್ಷಣ ಎಲ್ಲಾ ಓದಬೇಕು. ಕೆಲವರಿಗೆ ಇದು ಬೇಜಾರು. ನನಗಂತೂ ಇದರಿಂದಲೇ ಕೆಲಸ ಸಿಕ್ಕಿತು. ಕೊನೆಯ ವರ್ಷ ಹಳ್ಳಿಗೆ ಹೋಗಿ ಕೆಲಸ ಕಲಿಯಬೇಕು, ನಿಮ್ಮ ಮಗಳಿಗೆ ಅದು ತವರುಮನೆ ಇದ್ದ ಹಾಗೆ.

ಈಗ ಅವಳ ಪ್ರಶ್ನೆಗೆ ಬರುತ್ತೇನೆ, ಅದನ್ನು ಓದಿ ನನಗೆ ಸುಮ್ನೆ ಇರಲು ಆಗಲಿಲ್ಲ. ಎಮ್ಮೆ ಇರುವ ಮನೆಯ ಮಗು ಯಾಕೆ ಹಳದಿಯಲ್ಲಿ ನಿಂತಿತ್ತು? ಆ ಮನೆಗೆ ನಾನು ಹೋಗಿಲ್ಲ, ಆದರೆ ಅಂಥ ಮನೆಗಳು ಬಹಳ ನೋಡಿದ್ದೇನೆ. ಹಾಲು ಡೈರಿಗೆ ಹೋಗುತ್ತೆ, ಮಗುವಿನ ಕೈಗೆ ಚಹಾ ಬಿಸ್ಕಿಟ್. ಚಹಾ ಹಸಿವನ್ನೂ ಕೊಲ್ಲುತ್ತೆ, ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತಲೂ ಬಿಡಲ್ಲ. ಇನ್ನು ಗಂಜಿ. ರಾಗಿ ಹಿಟ್ಟು ಬೆಂದರೆ ಗಟ್ಟಿ ಆಗುತ್ತೆ, ಮಗು ನುಂಗಲ್ಲ, ತಾಯಿ ನೀರು ಹಾಕಿ ತೆಳ್ಳಗೆ ಮಾಡುತ್ತಾಳೆ. ಬಟ್ಟಲು ತುಂಬಿರುತ್ತೆ, ಮಗುವಿನ ಹೊಟ್ಟೆಯೂ ತುಂಬುತ್ತೆ, ಆದರೆ ಒಳಗೆ ಹೋಗಿದ್ದು ಹೆಚ್ಚಾಗಿ ನೀರು. ಅಷ್ಟು ಸಣ್ಣ ಹೊಟ್ಟೆಗೆ ಎಷ್ಟು ಸಲ ಅಂತ ಹಿಡಿಸುತ್ತೆ?

ಅದೇ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು ತಗೊಳ್ಳಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುತ್ತೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಗಂಜಿ ತೆಳ್ಳಗೇ ಇರುತ್ತೆ. ಅದಕ್ಕೆ ಒಂದು ಚಮಚ ತುಪ್ಪವೋ ಶೇಂಗಾ ಪುಡಿಯೋ ಸೇರಿಸಿದರೆ ಅದೇ ಬಟ್ಟಲಿನಲ್ಲಿ ಎಷ್ಟೋ ಜಾಸ್ತಿ ಶಕ್ತಿ. ಹುರಿಯುವಾಗ ಕೆಂಪಗೆ ಮಾಡಿಬಿಟ್ಟರೆ ಕಿಣ್ವ ಸಾಯುತ್ತೆ, ಗಂಜಿ ಮತ್ತೆ ಗಟ್ಟಿಯಾಗುತ್ತೆ. ನಮ್ಮ ಅಜ್ಜಿಯರಿಗೆ ಮಾಡಲು ಗೊತ್ತಿತ್ತು. ಯಾಕೆ ಹಾಗೆ ಆಗುತ್ತೆ ಅಂತ ನನಗೆ ಗೊತ್ತಾಗಿದ್ದು ಎರಡನೇ ವರ್ಷದ ಲ್ಯಾಬಿನಲ್ಲಿ, ಎರಡು ಬೀಕರ್‌ನಲ್ಲಿ ಎರಡು ಗಂಜಿ ಪಕ್ಕಪಕ್ಕ ಇಟ್ಟು ಚಮಚ ಎತ್ತಿ ನೋಡಿದಾಗ. ಒಂದು ಮುದ್ದೆಯಾಗಿ ಅಂಟಿಕೊಂಡಿತ್ತು, ಇನ್ನೊಂದು ಮಜ್ಜಿಗೆಯ ಹಾಗೆ ಹರಿಯಿತು. ಹಿಟ್ಟಿನ ಅಳತೆ ಎರಡರಲ್ಲೂ ಒಂದೇ. ನಿಮ್ಮ ಮೈದುನರಿಗೆ ಇದನ್ನು ಹೇಳಿ.

ಸೀಟು ಕೆಸಿಇಟಿ ಮೂಲಕ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ. ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತೆ, ಬೀಜ, ಬೆಳೆ, ಉಪಕರಣ ಗುರುತಿಸುವುದು ಅಂಥದ್ದು. ಅರ್ಜಿ ಹಾಕುವಾಗಲೇ ಆ ಕೋಟಾ ಕೇಳಿಕೊಳ್ಳಬೇಕು, ಆಮೇಲೆ ಕೇಳಿದರೆ ಆಗಲ್ಲ.

ಎನ್ಆರ್‌ಸಿ_ಕೌನ್ಸಿಲರ್

ಸರ್ಕಾರಿ ಕೆಲಸದ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ನಾನು ಒಂದು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಇದ್ದೇನೆ. ಗುತ್ತಿಗೆ ಕೆಲಸ, ಕಾಯಂ ಅಲ್ಲ, ಅದನ್ನು ಮುಚ್ಚಿಡಲ್ಲ. ವರ್ಷ ವರ್ಷ ಗುತ್ತಿಗೆ ಮುಂದುವರಿಯುತ್ತಾ ಅಂತ ಕಾಯುವುದು ಕಷ್ಟವೇ.

ನಿಮ್ಮಂಥ ಅಕ್ಕಂದಿರು ತೋಳಿನ ಸುತ್ತಳತೆಯ ಪಟ್ಟಿ ಹಾಕಿ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದ ಮಗುವನ್ನು ಕಳಿಸುತ್ತೀರಲ್ಲ, ಅದರಲ್ಲಿ ಕಾಯಿಲೆಯೂ ಇರುವ, ಊಟ ಒಲ್ಲದ ಮಕ್ಕಳು ನಮ್ಮಲ್ಲಿ ದಾಖಲಾಗುತ್ತವೆ. ಹೊಸಬರು ಮಾಡುವ ತಪ್ಪು ಏನು ಗೊತ್ತಾ, ಪಾಪ ಸೊರಗಿದೆ ಅಂತ ಮೊದಲ ದಿನವೇ ಚೆನ್ನಾಗಿ ತಿನ್ನಿಸಲು ಹೋಗುವುದು. ಆ ಮೈಗೆ ಅದು ತಡೆಯಲ್ಲ, ಜೀವಕ್ಕೇ ಅಪಾಯ. ಮೊದಲು ಎಫ್-75 ಅನ್ನುವ ಹಾಲು, 100 ಎಂ.ಎಲ್.ಗೆ 75 ಕ್ಯಾಲರಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ರಾತ್ರಿಯೂ. ಮಗು ಸುಧಾರಿಸಿದ ಮೇಲೆ ಇನ್ನೂ ಹೆಚ್ಚು ಶಕ್ತಿಯ ಎಫ್-100 ಹಾಲು. ರಾತ್ರಿ ಎರಡು ಗಂಟೆಗೆ ತಾಯಿಯನ್ನು ಎಬ್ಬಿಸಿ ಕಪ್ಪಿನಿಂದ ಕುಡಿಸಿದ್ದೇನೆ. ಮೂರ್ನಾಲ್ಕು ದಿನ ಮುಖ ಎತ್ತದ ಮಗು ಐದನೇ ದಿನ ಕಪ್ಪಿಗೆ ಕೈ ಚಾಚಿದರೆ ಆ ಖುಷಿ ಬೇರೆ.

ಕಾಯಂ ಬೇಕು ಅಂದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಮೇಲ್ವಿಚಾರಕಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಹುದ್ದೆಗಳಿವೆ. ಅವು ಪ್ರತಿ ವರ್ಷ ಕರೆಯುವ ಹುದ್ದೆಗಳಲ್ಲ, ಅದನ್ನೇ ನಂಬಿ ಕೂರಬೇಡಿ. ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಅದರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆಸೆಟ್‌ನಲ್ಲಿ ಹೋಮ್ ಸೈನ್ಸ್ ವಿಷಯ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹೆಸರನ್ನೂ ಮಗಳಿಗೆ ಈಗಲೇ ಹೇಳಿಡಿ. 1918ರಲ್ಲಿ ಕೂನೂರಿನಲ್ಲಿ ಬಿ1 ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ ಕಾಯಿಲೆಯ ಅಧ್ಯಯನಕ್ಕೆ ಅಂತ ಒಂದು ಕೋಣೆಯಲ್ಲಿ ಶುರುವಾಗಿದ್ದು ಈಗ ಇಡೀ ದೇಶದ ಆಹಾರದ ಲೆಕ್ಕ ಅಲ್ಲಿಂದಲೇ ಬರುತ್ತೆ. ಅಲ್ಲಿ ಎಂ.ಎಸ್ಸಿ. ಅಪ್ಲೈಡ್ ನ್ಯೂಟ್ರಿಷನ್ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು.

ತುಮಕೂರು_ತಂಗಿ

ಒಂದೇ ಮಾತು. ಮೂರು ತಿಂಗಳಲ್ಲಿ ನ್ಯೂಟ್ರಿಷನಿಸ್ಟ್ ಮಾಡುತ್ತೇವೆ ಅನ್ನುವ ಆನ್‌ಲೈನ್ ಕೋರ್ಸಿಗೆ ದುಡ್ಡು ಹಾಕಬೇಡಿ. ನಾನು ಬಿ.ಕಾಂ. ಮಾಡಿದವಳು, 38 ಸಾವಿರ ಕಟ್ಟಿದೆ. ಸರ್ಟಿಫಿಕೇಟ್ ಹಿಡಿದು ಆಸ್ಪತ್ರೆಗೆ ಹೋದರೆ ಇಂಟರ್ನ್‌ಷಿಪ್‌ಗೂ ಸೇರಿಸಿಕೊಳ್ಳಲಿಲ್ಲ. ಕೋರ್ಸ್ ನಡೆಸಿದವರು ಕೊನೆಗೆ ಅವರದೇ ಪ್ರೋಟೀನ್ ಪುಡಿ ಮಾರು ಅಂದರು. ಸಕ್ಕರೆ ಕಾಯಿಲೆ ಇರುವ ಒಬ್ಬರು ನನ್ನನ್ನು ನಂಬಿ ಮಾತ್ರೆ ಬಿಡಲಾ ಅಂತ ಕೇಳಿದ ದಿನ ನನಗೆ ಕೈಕಾಲು ನಡುಗಿತು. ಅವತ್ತೇ ನಿಲ್ಲಿಸಿದೆ. ನಿಮ್ಮ ಮಗಳಿಗೆ ಸೈನ್ಸ್ ಇದೆ, ಸರಿಯಾದ ದಾರಿ ಇದೆ, ಅವಳನ್ನು ತಡೆಯಬೇಡಿ ಅಕ್ಕಾ.

ಅಂಗನವಾಡಿ_ಅಮ್ಮ

ನಿಮ್ಮೆಲ್ಲರಿಗೂ ಕೈಮುಗಿದೆ. ರಾತ್ರಿ ಊಟ ಆದ ಮೇಲೆ ಮಗಳು ಎಲ್ಲಾ ಉತ್ತರಗಳನ್ನೂ ಗಟ್ಟಿಯಾಗಿ ಓದಿದಳು. ಯಜಮಾನರು ಏನೂ ಮಾತಾಡಲಿಲ್ಲ, ಆದರೆ ಗಂಜಿಯ ವಿಷಯ ಇನ್ನೊಂದು ಸಲ ಓದು ಅಂದರು. ಮಗಳು ಆಗಲೇ ಅರ್ಧ ಸೇರು ರಾಗಿ ನೆನೆಹಾಕಿದ್ದಾಳೆ. ಕೆಮಿಸ್ಟ್ರಿ ಅವಳಿಗೆ ಇಷ್ಟ, ಫಿಸಿಕ್ಸ್ ಮಾತ್ರ ಸ್ವಲ್ಪ ಕಷ್ಟ.

ಎಂ.ಎಸ್ಸಿ.ವರೆಗೆ ಖರ್ಚು ಹೇಗೆ ಅಂತ ಇನ್ನೂ ಗೊತ್ತಾಗಿಲ್ಲ. ಮೊದಲು ಸೀಟು ಸಿಗಲಿ. ಧಾರವಾಡದ ತಂಗಿ, ಒಂದು ಕೇಳಬೇಕಿತ್ತು. ಹೊಲದ ಪಹಣಿ ಇನ್ನೂ ನಮ್ಮ ಮಾವನವರ ಹೆಸರಲ್ಲೇ ಇದೆ, ಯಜಮಾನರ ಹೆಸರಿಗೆ ಬಂದಿಲ್ಲ. ಕೋಟಾಕ್ಕೆ ತೊಂದರೆ ಆಗುತ್ತಾ?

ಧಾರವಾಡ_ಹಳೇ_ಹುಡುಗಿ

ಎಷ್ಟೋ ಮನೆಗಳಲ್ಲಿ ಹಾಗೇ ಇರುತ್ತೆ, ಗಾಬರಿ ಬೇಡ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಈಗಲೇ ಅರ್ಜಿ ಕೊಡಿ, ಅದು ಕೈಗೆ ಬರಲು ದಿನ ಹಿಡಿಯುತ್ತೆ. ಜೊತೆಗೆ ಜಾತಿ, ಆದಾಯ ಪ್ರಮಾಣಪತ್ರ, ಒಂದರಿಂದ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಕೋಟಾಕ್ಕೆ ಯಾವ ದಾಖಲೆ, ಯಾವ ನಮೂನೆಯಲ್ಲಿ ಅಂತ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿಯಲ್ಲೇ ನೋಡಿ, ಸೈಬರ್ ಸೆಂಟರಿನವರ ಬಾಯಿಮಾತು ನಂಬಬೇಡಿ. ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಮಗಳನ್ನು ಒಂದೆರಡು ಭಾನುವಾರ ಹೊಲಕ್ಕೆ, ಒಂದು ಸಲ ಬೀಜದ ಅಂಗಡಿಗೆ ಕರೆದುಕೊಂಡು ಹೋಗಲು ಯಜಮಾನರಿಗೆ ಹೇಳಿ. ರಾಗಿ ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಲಿ, ಹುರಿಯುವಾಗ ಉರಿ ಸಣ್ಣ ಇರಲಿ. ಗಂಜಿ ಹರಿಯಿತಾ ಇಲ್ವಾ ಅಂತ ಇಲ್ಲೇ ಬರೆಯಲಿ.